ಹತ್ತುವ ಲೆಕ್ಕ ಆಮೇಲೆ, ಮೊದಲು ಇಳಿಯುವ ಲೆಕ್ಕ ಹಾಕಿ

ಪ್ರಶ್ನೆ: ನನಗೆ 36 ವರ್ಷ. ಕೇದಾರಕಾಂತ, ಗೋಯೆಚಾ ಲಾ ಟ್ರೆಕ್ ಮಾಡಿದ್ದೇನೆ. ಹೋದ ವರ್ಷ ಎವರೆಸ್ಟ್ ಬೇಸ್ ಕ್ಯಾಂಪಿಗೂ ಹೋಗಿ ಬಂದೆ. ಎರಡು ದಿನ ತಲೆನೋವು ಬಂದಿದ್ದು ಬಿಟ್ಟರೆ ಏನೂ ತೊಂದರೆ ಆಗಲಿಲ್ಲ. ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷದಲ್ಲಿ ಮುಗಿಸುತ್ತೇನೆ. ಒಂದು ಏಜೆನ್ಸಿಯವರು ಬರುವ ಸೆಪ್ಟೆಂಬರಿನಲ್ಲಿ ನೇಪಾಳದ ಮನಾಸ್ಲು ಶಿಖರ ಹತ್ತಿಸುತ್ತೇವೆ, ಒಬ್ಬೊಬ್ಬರಿಗೂ ಒಬ್ಬ ಶೆರ್ಪಾ ಇರುತ್ತಾರೆ, ಹಿಂದಿನ ಅನುಭವ ಬೇಕಿಲ್ಲ ಎನ್ನುತ್ತಿದ್ದಾರೆ. 15 ದಿನದಲ್ಲಿ ಅಡ್ವಾನ್ಸ್ ಕಟ್ಟಬೇಕಂತೆ. ಕಟ್ಟಲಾ? ತಯಾರಿ ಹೇಗೆ? ಸಾಮಾನು ಕೊಳ್ಳಬೇಕಾ, ಬಾಡಿಗೆಗೆ ತಗೊಂಡರೆ ಸಾಕಾ? ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ, ಅವರಿಗೆ ಏನು ಹೇಳಲಿ?

ಉತ್ತರ: ಅಡ್ವಾನ್ಸ್ ಕಟ್ಟಬೇಡಿ. ಈ ಸೆಪ್ಟೆಂಬರಿಗೆ ಬೇಡ.

ಮನಾಸ್ಲು ಆಸೆಯನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ನೀವು ಬರೆದದ್ದನ್ನು ಓದಿದರೆ ಇನ್ನು ಎರಡೂವರೆ, ಮೂರು ವರ್ಷದಲ್ಲಿ ಆ ಶಿಖರ ನಿಮ್ಮ ಕೈಗೆ ಎಟುಕುವಂಥದ್ದೇ. ಹೃದಯ, ಶ್ವಾಸಕೋಶ ಚೆನ್ನಾಗಿವೆ. 5364 ಮೀಟರ್ ಎತ್ತರಕ್ಕೆ ದೇಹ ಒಮ್ಮೆ ಹೊಂದಿಕೊಂಡಿದೆ. ನಿಯಮವಾಗಿ ಅಭ್ಯಾಸ ಮಾಡುವ ಗುಣವೂ ಇದೆ. ಇದೆಲ್ಲ ದೊಡ್ಡ ಬಂಡವಾಳ. ಆದರೆ ಇವತ್ತಿನ ಸ್ಥಿತಿಯಲ್ಲಿ ಹೋದರೆ ನಿಮ್ಮನ್ನು ಮೇಲೆ ಮುಟ್ಟಿಸಲು ಜನ ಸಿಗಬಹುದು. ಇಳಿಯುವಾಗ ನಿಮ್ಮ ಕೈಕಾಲು ನಿಮ್ಮ ಮಾತು ಕೇಳುತ್ತವೆ ಅನ್ನೋ ಭರವಸೆ ನನಗಿಲ್ಲ.

ಇಷ್ಟು ವರ್ಷ ತಂಡಗಳ ಜೊತೆ ಹಿಮಾಲಯದಲ್ಲಿ ಓಡಾಡಿ ನನ್ನಲ್ಲಿ ಗಟ್ಟಿಯಾಗಿ ನಿಂತಿರುವ ಮಾತು ಒಂದೇ. ದೊಡ್ಡ ಶಿಖರದ ಯೋಜನೆಯನ್ನು ತುದಿಯಿಂದ ಶುರು ಮಾಡಿ ಕೆಳಕ್ಕೆ ಹಾಕುತ್ತಾ ಬರಬೇಕು. ಯಾವ ಗೈಡ್, ಎಷ್ಟು ಆಮ್ಲಜನಕ, ಯಾವ ವಿಮೆ, ಬೂಟಿನ ಸೈಜು ಎಷ್ಟು, ಹೀಗೆ ಏನೇ ತೀರ್ಮಾನ ಮಾಡುವಾಗಲೂ ಕೇಳಿಕೊಳ್ಳಿ: ಸುಸ್ತಾಗಿ, ಕತ್ತಲಾಗಿ, ಹವಾ ಕೆಟ್ಟಾಗ ಇದು ನನ್ನನ್ನು ಕೆಳಗೆ ಇಳಿಸುತ್ತದಾ? ಹತ್ತುವಾಗ ಉತ್ಸಾಹ ಎಳೆದುಕೊಂಡು ಹೋಗುತ್ತದೆ. ಇಳಿಯುವಾಗ ಉತ್ಸಾಹ ಮುಗಿದಿರುತ್ತದೆ, ಅಭ್ಯಾಸ ಮಾತ್ರ ಉಳಿದಿರುತ್ತದೆ.

"ಒಬ್ಬರಿಗೆ ಒಬ್ಬ ಶೆರ್ಪಾ" ಅನ್ನೋ ಮಾತು ಕೇಳಲು ತುಂಬ ಧೈರ್ಯ ಕೊಡುತ್ತದೆ. ಅವರು ಮಾಡುವ ಕೆಲಸವೂ ಸಣ್ಣದಲ್ಲ. ನೀವು ಬರುವ ಮೊದಲೇ ದಾರಿಯುದ್ದಕ್ಕೂ ಫಿಕ್ಸೆಡ್ ರೋಪ್, ಅಂದರೆ ಹತ್ತಿ ಇಳಿಯಲು ಆಸರೆಯಾಗುವ ಹಗ್ಗ, ಬಿಗಿದಿರುತ್ತಾರೆ. ಟೆಂಟು ಹಾಕುತ್ತಾರೆ, ಹಿಮ ಕರಗಿಸಿ ನೀರು ಕಾಯಿಸುತ್ತಾರೆ, ನಿಮ್ಮ ಆಮ್ಲಜನಕದ ಸಿಲಿಂಡರ್ ಹೊರುತ್ತಾರೆ. ಆದರೆ 7500 ಮೀಟರಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೊತ್ತು ಇಳಿಸುವುದು ತೀರಾ ಅಪರೂಪ, ಅದನ್ನು ನಂಬಿಕೊಂಡು ಹೋಗುವ ಹಾಗಿಲ್ಲ. ನಡೆಯಲಾಗದವರನ್ನು ಇಳಿಸಲು ಹಲವರು ಸೇರಿ ಗಂಟೆಗಟ್ಟಲೆ ಹಗ್ಗದಲ್ಲಿ ಎಳೆಯಬೇಕು, ಅಷ್ಟೂ ಹೊತ್ತು ಅವರ ಜೀವವೂ ಪಣಕ್ಕೆ ಬಿದ್ದಿರುತ್ತದೆ. ಹೆಲಿಕಾಪ್ಟರ್ ಕೂಡ ಎಲ್ಲ ಎತ್ತರಕ್ಕೂ ಬರಲ್ಲ. ಗಾಳಿ ತೆಳುವಾದಷ್ಟೂ ಅದಕ್ಕೂ ಮೇಲೇಳುವ ಬಲ ಕಮ್ಮಿ.

ಗಾಳಿ ತೆಳು ಅಂದರೆ ಏನು ಅನ್ನೋದನ್ನೂ ಹೇಳಿಬಿಡುತ್ತೇನೆ, ಇಲ್ಲಿ ತುಂಬ ಜನ ತಪ್ಪು ತಿಳಿದಿದ್ದಾರೆ. ಮೇಲೆ ಹೋದಂತೆ ಗಾಳಿಯಲ್ಲಿನ ಆಮ್ಲಜನಕದ ಪಾಲು ಕಮ್ಮಿಯಾಗಲ್ಲ, ಎಲ್ಲ ಕಡೆ ಸುಮಾರು 21 ಶೇಕಡವೇ. ಕಮ್ಮಿಯಾಗುವುದು ಒತ್ತಡ. ನೀವು ಹೋಗಿ ಬಂದ ಬೇಸ್ ಕ್ಯಾಂಪಿನಲ್ಲಿ ಸಮುದ್ರಮಟ್ಟದ ಅರ್ಧದಷ್ಟು ಒತ್ತಡ. ಮನಾಸ್ಲುವಿನ ತುದಿ 8163 ಮೀಟರ್, ಅಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆ ಎತ್ತರದಲ್ಲಿ ದೇಹ ಹೊಂದಿಕೊಳ್ಳುವುದಿಲ್ಲ, ದಿನದಿಂದ ದಿನಕ್ಕೆ ಸವೆಯುತ್ತದೆ. ತಲೆಯೂ ಮಂದವಾಗುತ್ತದೆ. ಕೆಳಗೆ ಸಲೀಸಾಗಿ ಮಾಡುವ ಕೆಲಸ ಅಲ್ಲಿ ಒಗಟಾಗುತ್ತದೆ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ 7000 ಮೀಟರಿನ ಒಂದು ಶಿಖರದಿಂದ ನಾವು ಇಳಿಯುತ್ತಿದ್ದೆವು. ನನ್ನ ಮುಂದೆ ಇದ್ದವರು ಫುಲ್ ಮ್ಯಾರಥಾನ್ ಓಡುವವರು, ಇಡೀ ತಂಡದಲ್ಲಿ ಅವರಷ್ಟು ಗಟ್ಟಿ ಯಾರೂ ಇರಲಿಲ್ಲ. ಹಗ್ಗವನ್ನು ಹಿಮಕ್ಕೆ ಬಿಗಿದ ಒಂದು ಆ್ಯಂಕರ್ ಹತ್ತಿರ ಬಂದು ನಿಂತರು. ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೀನರಿನ ಸ್ಕ್ರೂ ತಿರುಗಿಸಿ, ಬಿಚ್ಚಿ, ಕೆಳಗಿನ ಹಗ್ಗಕ್ಕೆ ಹಾಕಬೇಕು, ಅಷ್ಟೇ ಕೆಲಸ. ಸ್ಕ್ರೂ ಮೇಲೆ ಮಂಜು ಹೆಪ್ಪುಗಟ್ಟಿತ್ತು. ದಪ್ಪ ಮಿಟನ್ನಿನಲ್ಲಿ (ಬೆರಳು ಬಿಡಿಬಿಡಿಯಾಗಿಲ್ಲದ ಕೈಗವಸು) ಹಿಡಿತ ಸಿಗಲಿಲ್ಲ. ಒಂದು ಸಲ, ಎರಡು ಸಲ, ಐದು ಸಲ ಪ್ರಯತ್ನಿಸಿದರು. ಆಮೇಲೆ ಹಲ್ಲಲ್ಲಿ ಕಚ್ಚಿ ಬಲಗೈಯ ಮಿಟನ್ ಎಳೆದರು. ಅದಕ್ಕೆ ಮಣಿಕಟ್ಟಿನ ದಾರ ಕಟ್ಟಿರಲಿಲ್ಲ. ಗಾಳಿ ಅದನ್ನು ಕಿತ್ತುಕೊಂಡು ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಯಿತು. ಗೈಡ್ ಕೂಡಲೇ ತಮ್ಮ ಬ್ಯಾಗಿನಿಂದ ಇನ್ನೊಂದು ಜೊತೆ ತೆಗೆದು ಹಾಕಿಸಿದರು. ಅಷ್ಟರಲ್ಲಿ ತೆಳ್ಳನೆಯ ಲೈನರ್ ಗ್ಲೌಸಿನಲ್ಲೇ ಬರಿಗೈಯಂತೆ ತಣ್ಣನೆಯ ಲೋಹ ಹಿಡಿದಿದ್ದರು. ಎರಡು ಬೆರಳಿನ ತುದಿ ಕಪ್ಪಾಯಿತು. ಬೆಳಿಗ್ಗೆ ಟೆಂಟಿನಿಂದ ಹೊರಡುವಾಗ ಎಲ್ಲರ ಮಿಟನ್ನಿಗೂ ದಾರ ಇದೆಯಾ ಅಂತ ನೋಡಬೇಕಾದವನು ನಾನು. ನೋಡಿರಲಿಲ್ಲ. ಈಗಲೂ ಆ ಕೈ ಕಣ್ಣ ಮುಂದೆ ಬರುತ್ತದೆ.

ಅವರ ಕಾಲಲ್ಲಿ ಶಕ್ತಿ ಇತ್ತು, ಉಸಿರೂ ಸಾಕಷ್ಟಿತ್ತು. ಇಲ್ಲದಿದ್ದದ್ದು ಕೈಯ ಅಭ್ಯಾಸ. ಅದಕ್ಕೇ ನಿಮ್ಮ ಮೊದಲ ಹೆಜ್ಜೆ ಜಿಮ್ಮೂ ಅಲ್ಲ, ಏಜೆನ್ಸಿಯೂ ಅಲ್ಲ. ಒಂದು ಬೇಸಿಕ್ ಮೌಂಟೇನಿಯರಿಂಗ್ ಕೋರ್ಸ್. ಡಾರ್ಜಿಲಿಂಗಿನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರಿಂದ ನಡೆಯುತ್ತಿದೆ, ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ 1965ರಿಂದ. ಮನಾಲಿ, ಪಹಲ್ಗಾಮಿನಲ್ಲೂ ಸಂಸ್ಥೆಗಳಿವೆ. ಕೋರ್ಸ್ ಸುಮಾರು ನಾಲ್ಕು ವಾರ. ಬಂಡೆ ಹತ್ತುವುದು, ಹಿಮನದಿಯ ಮೇಲೆ ನಡೆಯುವುದು, ಜಾರಿದಾಗ ಐಸ್ ಆ್ಯಕ್ಸ್ ಊರಿ ನಿಲ್ಲುವುದು, ಕ್ರಂಪಾನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳು) ಹಾಕಿ ಇಳಿಜಾರು ಇಳಿಯುವುದು, ಎಲ್ಲ ಕಲಿಸುತ್ತಾರೆ. ಖಾಸಗಿ ಶಿಖರ ಪ್ಯಾಕೇಜಿನ ಮುಂದೆ ಇಲ್ಲಿನ ಫೀಸು ತುಂಬಾ ಕಮ್ಮಿ. ಸೀಟು ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ, ವಯಸ್ಸಿನ ಮಿತಿಯೂ ಇರುತ್ತದೆ. ನಿಮಗೆ 36 ಆಗಿರುವುದರಿಂದ ತಡ ಮಾಡದೆ ಅರ್ಜಿ ಹಾಕಿ. ಅಲ್ಲಿ 'ಎ' ಗ್ರೇಡ್ ಬಂದರೆ ಅಡ್ವಾನ್ಸ್ಡ್ ಕೋರ್ಸಿಗೂ ದಾರಿಯಾಗುತ್ತದೆ.

ಕೋರ್ಸಿಗೆ ಹೋಗುವ ಮೊದಲೇ ಮನೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಒಂದು ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಒಂದು ಜೂಮರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ ಹಿಡಿಕೆ), ಎರಡು ಸ್ಕ್ರೂ ಕ್ಯಾರಬೀನರ್, ಒಂದು ಫಿಗರ್ ಆಫ್ ಎಯ್ಟ್ (ಹಗ್ಗದಲ್ಲಿ ಇಳಿಯಲು ಬಳಸುವ ಎಂಟರ ಆಕಾರದ ಲೋಹದ ಬಳೆ) ತಗೊಳ್ಳಿ. ಮೆಟ್ಟಿಲಿನ ಕಂಬಿಗೆ ಹಗ್ಗ ಕಟ್ಟಿ, ನಡುವೆ ಎರಡು ಕಡೆ ಗಂಟು ಹಾಕಿ ಬಿಗಿಯಿರಿ. ಆ ಗಂಟೇ ಆ್ಯಂಕರ್ ಅಂದುಕೊಳ್ಳಿ. ಹತ್ತುವಾಗ ಹಗ್ಗದ ಮೇಲೆ ನಿಮ್ಮದು ಎರಡು ಹಿಡಿತ ಇರುತ್ತದೆ, ಜೂಮರ್ ಒಂದು, ಸೇಫ್ಟಿ ಕ್ಯಾರಬೀನರ್ ಒಂದು. ಗಂಟಿನ ಹತ್ತಿರ ಬಂದಾಗ ಮೊದಲು ಸೇಫ್ಟಿಯನ್ನು ಬಿಚ್ಚಿ ಗಂಟಿನ ಆಚೆಯ ಹಗ್ಗಕ್ಕೆ ಹಾಕಿ. ಅದು ಬಿತ್ತು, ಸ್ಕ್ರೂ ಬಿಗಿಯಾಯಿತು ಅಂತ ಕಣ್ಣಾರೆ ನೋಡಿದ ಮೇಲೆ ಜೂಮರ್ ದಾಟಿಸಿ. ಎರಡೂ ಒಟ್ಟಿಗೆ ಹಗ್ಗ ಬಿಟ್ಟಿರುವ ಕ್ಷಣ ಬರಲೇಬಾರದು. ಇಳಿಯುವಾಗ ಇನ್ನೂ ಗಮನ ಬೇಕು. ಸೇಫ್ಟಿಯನ್ನು ಆ್ಯಂಕರಿಗೆ ಹಾಕಿ, ಫಿಗರ್ ಆಫ್ ಎಯ್ಟ್ ಬಿಚ್ಚಿ, ಕೆಳಗಿನ ಹಗ್ಗಕ್ಕೆ ಪೋಣಿಸಿ, ಅದರ ಮೇಲೆ ಭಾರ ಬಿಟ್ಟು ಪರೀಕ್ಷಿಸಿ, ಆಮೇಲೆ ಸೇಫ್ಟಿ ತೆಗೆದು ಕೆಳಗಿನ ಹಗ್ಗಕ್ಕೆ ಹಾಕಿ. ಇದನ್ನು ಬರಿಗೈಯಲ್ಲಿ ಕಲಿಯಿರಿ. ಆಮೇಲೆ ದಪ್ಪ ಮಿಟನ್ ಹಾಕಿಕೊಂಡು ಮಾಡಿ. ಆಮೇಲೆ ಲೈಟು ಆರಿಸಿ, ತಲೆಯ ಮೇಲಿನ ಟಾರ್ಚಿನ ಬೆಳಕಲ್ಲಿ ಮಾಡಿ. ಓಡಿ ಬಂದು ಏದುಸಿರು ಬಿಡುತ್ತಿರುವಾಗ ಮಾಡಿ. ಇಪ್ಪತ್ತು ಸಲ ಸಾಲದು, ಇನ್ನೂರು ಸಲ ಆಗಲಿ. ಕ್ರಮ ಸರಿಯಿದೆಯಾ ಅಂತ ಒಮ್ಮೆ ತಿಳಿದವರ ಕಣ್ಣ ಮುಂದೆ ಮಾಡಿ ತೋರಿಸಿ.

ಕೋರ್ಸ್ ಮುಗಿದ ಮೇಲೆ 6000 ಮೀಟರಿನ ಒಂದು ಶಿಖರ. ಲಡಾಖಿನ ಕಾಂಗ್ ಯಾತ್ಸೆ 2 ಇದೆ, 6250 ಮೀಟರ್. ನೇಪಾಳದಲ್ಲಿ ಮೇರಾ, ಐಲ್ಯಾಂಡ್ ಪೀಕ್ ಇವೆ. ಮೇರಾ 6476 ಮೀಟರ್ ಎತ್ತರ ಇದ್ದರೂ ಬಹುಪಾಲು ಹಿಮದ ಮೇಲಿನ ಉದ್ದನೆಯ ನಡಿಗೆ. ಐಲ್ಯಾಂಡ್ ಪೀಕ್ ಎತ್ತರದಲ್ಲಿ ಅದಕ್ಕಿಂತ ಕಮ್ಮಿ, ಆದರೆ ತುದಿಯ ಹತ್ತಿರ ಕಡಿದಾದ ಹಿಮದ ಗೋಡೆ ಇದೆ, ಹಗ್ಗದ ಕೆಲಸ ಚೆನ್ನಾಗಿ ಸಿಗುತ್ತದೆ. ನಿಮಗೆ ಬೇಕಿರುವುದು ಅದೇ, ಹಾಗಾಗಿ ನಾನಾದರೆ ಐಲ್ಯಾಂಡ್ ಪೀಕ್ ಆರಿಸುತ್ತೇನೆ. ಮರುವರ್ಷ 7000 ಮೀಟರಿನ ಒಂದು. ಕಾರ್ಗಿಲ್ ಕಡೆಯ ಸುರು ಕಣಿವೆಯ ಮೇಲಿರುವ ಕುನ್ 7077 ಮೀಟರ್, ಗಂಗೋತ್ರಿ ಕಡೆಯ ಸತೋಪಂಥ್ 7075, ನೇಪಾಳದ ಹಿಮ್ಲುಂಗ್ 7126. ಇವುಗಳಲ್ಲಿ ಸಾಮಾನ್ಯವಾಗಿ ಆಮ್ಲಜನಕದ ಸಿಲಿಂಡರ್ ಹಾಕಿಕೊಂಡು ಹತ್ತುವುದಿಲ್ಲ. ನಿಮ್ಮ ದೇಹದ ನಿಜವಾದ ಶಕ್ತಿ ಎಷ್ಟು ಅಂತ ನಿಮಗೇ ಗೊತ್ತಾಗುವುದು ಇಲ್ಲಿ. ಮೂರು ರಾತ್ರಿ 6000 ಮೀಟರಿನ ಮೇಲೆ ಮಲಗಿ, ಊಟ ಸೇರದೆ, ಆದರೂ ಬೆಳಗಿನ ಜಾವ ಎದ್ದು ಬೂಟು ಕಟ್ಟಿಕೊಳ್ಳುವ ಅನುಭವ ಬೇರೆಲ್ಲೂ ಸಿಗಲ್ಲ. ಅದಾದ ಮೇಲೆ ಮನಾಸ್ಲು. ಇಷ್ಟೆಲ್ಲ ಆದಾಗ ನಿಮಗೆ 38, 39. ಎತ್ತರದ ಬೆಟ್ಟಕ್ಕೆ ಅದೇನೂ ಹೆಚ್ಚಿನ ವಯಸ್ಸಲ್ಲ.

ಕಾಲ ಯಾವುದು ಅನ್ನೋದು ಜಾಗದ ಮೇಲೆ ಹೋಗುತ್ತದೆ. ಲಡಾಖ್ ಮಳೆಯ ನೆರಳಿನಲ್ಲಿರುವುದರಿಂದ ಜುಲೈ, ಆಗಸ್ಟ್. ನೇಪಾಳದ ಶಿಖರಗಳಿಗೆ ಏಪ್ರಿಲ್‌-ಮೇ ಅಥವಾ ಮಳೆಗಾಲ ಮುಗಿದ ಮೇಲೆ. ಮನಾಸ್ಲುವಿಗೆ ಹೆಚ್ಚಿನ ತಂಡಗಳು ಹೋಗುವುದು ಸೆಪ್ಟೆಂಬರಿನಲ್ಲಿ. ಆಗ ಮಳೆಗಾಲದ ಕೊನೆಯ ಹಿಮ ಇನ್ನೂ ಸಡಿಲವಾಗಿರುತ್ತದೆ. 2012ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಅಲ್ಲಿ ಹಿಮಕುಸಿತವಾಗಿ ಟೆಂಟಿನಲ್ಲಿ ಮಲಗಿದ್ದವರೂ ಸೇರಿ 11 ಜನ ತೀರಿಕೊಂಡರು. "ಸುಲಭದ 8000" ಅಂತ ಆ ಬೆಟ್ಟವನ್ನು ಮಾರುವವರ ಬಾಯಲ್ಲಿ ಈ ಮಾತು ಬರುವುದಿಲ್ಲ. ಭಾರೀ ಹಿಮ ಬಿದ್ದ ಮೇಲೆ ಎಷ್ಟು ದಿನ ಕಾಯುತ್ತೀರಿ, ಕಾಯಲು ವೇಳಾಪಟ್ಟಿಯಲ್ಲಿ ಜಾಗ ಇದೆಯಾ ಅಂತ ಕೇಳಿ. ನಿಮ್ಮ ರಜೆಯನ್ನೂ ಅದಕ್ಕೆ ತಕ್ಕಂತೆ ಒಂದು ವಾರ ಜಾಸ್ತಿ ಹಾಕಿ. ವಾಪಸ್ ಟಿಕೆಟ್ಟಿನ ತಾರೀಖು ತಲೆಯಲ್ಲಿ ಕೂತರೆ ಬೆಟ್ಟದ ಮೇಲೆ ಸರಿಯಾದ ತೀರ್ಮಾನ ಮಾಡೋಕಾಗಲ್ಲ.

ದೇಹದ ತಯಾರಿ. ನಿಮ್ಮ ಓಟ ಬಿಡಬೇಡಿ, ಆದರೆ ವಾರಕ್ಕೆ ಎರಡು ದಿನಕ್ಕೆ ಇಳಿಸಿ. ಹಾಫ್ ಮ್ಯಾರಥಾನ್ ಎರಡು ಗಂಟೆಯಲ್ಲಿ ಮುಗಿಯುತ್ತದೆ. ತುದಿಗೆ ಹೋಗಿ ಬರುವ ದಿನ 12, 14 ಗಂಟೆ ಇರುತ್ತದೆ. ಹಾಗಾಗಿ ನಿಧಾನ, ಆದರೆ ತುಂಬ ಹೊತ್ತು, ಇದು ಅಭ್ಯಾಸವಾಗಬೇಕು. ವಾರಕ್ಕೊಮ್ಮೆ ಐದಾರು ಗಂಟೆ ಏರಿಳಿತದ ದಾರಿಯಲ್ಲಿ ಬೆನ್ನಿಗೆ ಭಾರ ಹಾಕಿಕೊಂಡು ನಡೆಯಿರಿ. ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. 8 ಕಿಲೋದಿಂದ ಶುರು ಮಾಡಿ, ತಿಂಗಳುಗಟ್ಟಲೆ ತಗೊಂಡು 15ಕ್ಕೆ ಬನ್ನಿ. ಬೆಟ್ಟ ಹತ್ತಿರ ಇಲ್ಲದಿದ್ದರೆ ಎತ್ತರದ ಕಟ್ಟಡದ ಮೆಟ್ಟಿಲು ಸಾಕು. ಆದರೆ ಲಿಫ್ಟಿನಲ್ಲಿ ಇಳಿಯಬೇಡಿ. ತೊಡೆಯ ಮುಂಭಾಗದ ಸ್ನಾಯು ಸೋಲುವುದು ಇಳಿಯುವಾಗ. ಹತ್ತುವ ಅಭ್ಯಾಸದಿಂದ ಅದು ಗಟ್ಟಿಯಾಗಲ್ಲ, ಇಳಿದೇ ಆಗಬೇಕು. ಎರಡು ದಿನ ತೊಡೆ, ಸೊಂಟ, ಬೆನ್ನಿನ ವ್ಯಾಯಾಮ ಮಾಡಿ. ಒಂದು ದಿನ ಪೂರ್ತಿ ವಿಶ್ರಾಂತಿ. ಇದು ಎಂಟರಿಂದ ಹತ್ತು ತಿಂಗಳ ಕೆಲಸ, ಕೊನೆಯ ಎರಡು ತಿಂಗಳು ಜೋರಾಗಿ ಮಾಡಿದರೆ ಮಂಡಿ ಹೋಗುತ್ತದೆ ಅಷ್ಟೇ.

ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಎಲ್ಲರೂ ಮರೆಯುತ್ತಾರೆ. ಹುಳುಕು ಹಲ್ಲಿನೊಳಗೆ ಸಿಕ್ಕಿದ ಗಾಳಿ ಎತ್ತರದಲ್ಲಿ ಹಿಗ್ಗಿ ಪ್ರಾಣ ಹಿಂಡುತ್ತದೆ. ಮೂರು ತಿಂಗಳು ಮೊದಲೇ ತೋರಿಸಿ. ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ, ಕಮ್ಮಿ ಇದ್ದರೆ ಸರಿಮಾಡಿಕೊಳ್ಳಲು ಸಮಯ ಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ತಡೆಗಾಗಿ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ ದಿನಕ್ಕೆರಡು ಸಲ. ಸಲ್ಫಾ ಔಷಧಿ ನಿಮಗೆ ಆಗಿಬರದಿದ್ದರೆ ಮೊದಲೇ ಹೇಳಿ. ಮಾತ್ರೆ ತಗೊಂಡೆ ಅಂತ ಬೇಗ ಬೇಗ ಮೇಲೆ ಹೋಗುವ ಹಾಗಿಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ಮನಾಸ್ಲುವಿನಲ್ಲಿ ಬೇಸ್ ಕ್ಯಾಂಪ್ ಸುಮಾರು 4800 ಮೀಟರಿನಲ್ಲಿದೆ. ಅಲ್ಲಿಂದ ಮೇಲಿನ ಕ್ಯಾಂಪುಗಳಿಗೆ ಹೋಗಿ, ಮಲಗಿ, ಮತ್ತೆ ಕೆಳಗೆ ಬಂದು ಸುಧಾರಿಸಿಕೊಂಡು, ಹೀಗೆ ದೇಹಕ್ಕೆ ಕಲಿಸುತ್ತಾ ಹೋಗುತ್ತಾರೆ. ಈ ಓಡಾಟವನ್ನು ಕತ್ತರಿಸಿ ದಿನ ಉಳಿಸುವ ಪ್ಯಾಕೇಜುಗಳು ಈಗ ಬಂದಿವೆ. ಮೊದಲ 8000ಕ್ಕೆ ಅದು ಬೇಡವೇ ಬೇಡ.

ಎರಡು ಲಕ್ಷಣಗಳು ನಿಮಗೂ, ನಿಮ್ಮ ಟೆಂಟಿನಲ್ಲಿ ಮಲಗುವವರಿಗೂ ಗೊತ್ತಿರಲೇಬೇಕು. ಸುಮ್ನೆ ಕೂತಿದ್ದರೂ ಏದುಸಿರು, ಕೆಮ್ಮು, ನೊರೆ ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿಕೊಂಡು ನಡೆಯಲು ಹೇಳಿ. ಓಲಾಡಿದರೆ, ಮಾತು ತೊದಲಿದರೆ ಮೆದುಳು ಊದಿಕೊಳ್ಳುತ್ತಿದೆ. ಎರಡಕ್ಕೂ ಮದ್ದು ಕೆಳಗಿಳಿಯುವುದು, ಆಗಲೇ, ರಾತ್ರಿಯಾದರೂ ಸರಿ. ಆಮ್ಲಜನಕ, ಇಂಜೆಕ್ಷನ್ ಎಲ್ಲ ಇಳಿಯಲು ಶಕ್ತಿ ಕೊಡುವುದಕ್ಕೆ ಮಾತ್ರ.

ಈಗ ಏಜೆನ್ಸಿ. "ಹಿಂದಿನ ಅನುಭವ ಬೇಕಿಲ್ಲ" ಅನ್ನೋ ಒಂದೇ ಮಾತಿಗೆ ನಾನು ಅವರನ್ನು ಬಿಟ್ಟುಬಿಡುತ್ತೇನೆ. ಅನುಭವ ಇಲ್ಲದ ಎಂಟು ಜನರನ್ನು ಕರೆದುಕೊಂಡು ಹೋಗುವವರ ತಂಡದಲ್ಲಿ ನಿಮ್ಮ ಜೊತೆಗಿರುವ ಏಳು ಜನವೂ ನಿಮ್ಮಂತೆಯೇ ಹೊಸಬರು, ಅಲ್ವಾ? ಒಂದೇ ಹಗ್ಗದ ಮೇಲೆ ನಿಮ್ಮ ಮುಂದಿನವರು ಆ್ಯಂಕರ್ ಬಿಚ್ಚಲಾಗದೆ ನಿಂತರೆ ನೀವೂ ನಿಲ್ಲಬೇಕು. 15 ದಿನದ ಗಡುವೂ ಒಳ್ಳೆಯ ಲಕ್ಷಣವಲ್ಲ.

ಮೂರು ವರ್ಷದ ನಂತರ ಬೇರೆ ಏಜೆನ್ಸಿ ಹುಡುಕುವಾಗ ಆಮ್ಲಜನಕದ ಲೆಕ್ಕದಿಂದ ಶುರು ಮಾಡಿ. 4 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1200 ಲೀಟರ್ ಆಮ್ಲಜನಕ. ಕೊನೆಯ ಕ್ಯಾಂಪ್ ಸುಮಾರು 7400 ಮೀಟರಿನಲ್ಲಿರುತ್ತದೆ. ಅಲ್ಲಿ ಎಂಟು ಗಂಟೆ ಮಲಗಲು ನಿಮಿಷಕ್ಕೆ 1 ಲೀಟರಿನಂತೆ 480. ಹತ್ತಲು ಎಂಟು ಗಂಟೆ, ನಿಮಿಷಕ್ಕೆ 3 ಲೀಟರಿನಂತೆ 1440. ಇಳಿಯಲು ನಾಲ್ಕು ಗಂಟೆ, 2 ಲೀಟರಿನಂತೆ 480. ಕೂಡಿ ನೋಡಿ, 2400. ಎರಡು ಸಿಲಿಂಡರ್ ಅಲ್ಲಿಗಲ್ಲಿಗೆ ಖಾಲಿ. ತುದಿಯ ಹತ್ತಿರ ಜನ ಸಾಲುಗಟ್ಟಿ ಎರಡು ಗಂಟೆ ನಿಲ್ಲಬೇಕಾದರೆ? ರೆಗ್ಯುಲೇಟರಿನಲ್ಲಿ ಸೋರಿದರೆ? ಆ ಕೊರತೆ ಬೀಳುವುದು ಇಳಿಯುವ ಪಾಲಿಗೆ. ಪ್ಯಾಕೇಜಿನಲ್ಲಿ "ಎರಡು ಸಿಲಿಂಡರ್" ಅಂತ ಇದ್ದರೆ ಮೂರನೆಯದಕ್ಕೆ ಹಣ ಕಟ್ಟಿ. ನಿಮ್ಮ ಶೆರ್ಪಾಗೆ ಎಷ್ಟು ಸಿಲಿಂಡರ್ ಕೊಡುತ್ತೀರಿ ಅಂತಲೂ ಕೇಳಿ. ಅವರಿಗೆ ಕೊಡದಿದ್ದರೆ ಕಷ್ಟ ಬಂದಾಗ ನಿಮ್ಮದನ್ನೇ ಇಬ್ಬರೂ ಹಂಚಿಕೊಳ್ಳಬೇಕಾಗುತ್ತದೆ.

ಆಮೇಲೆ ಗೈಡ್ ಯಾರು ಅಂತ ಹೆಸರು ಹಿಡಿದು ಕೇಳಿ. ಶೆರ್ಪಾ ಅನ್ನೋದು ಒಂದು ಜನಾಂಗದ ಹೆಸರು, ಅದು ಹುದ್ದೆಯೂ ಅಲ್ಲ, ಅರ್ಹತಾಪತ್ರವೂ ಅಲ್ಲ. ತಮಾಂಗ್, ರಾಯ್, ಗುರುಂಗ್ ಜನರಲ್ಲೂ ಅದ್ಭುತ ಗೈಡುಗಳಿದ್ದಾರೆ. ಅವರು ಎಲ್ಲಿ ತರಬೇತಿ ಪಡೆದರು, ಈ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದಾರೆ, ನಿಮಗೆ ಅರ್ಥವಾಗುವ ಭಾಷೆ ಬರುತ್ತದಾ ಅಂತ ತಿಳಿದುಕೊಳ್ಳಿ. ಪರ್ವತ ಗೈಡುಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ ಬ್ಯಾಡ್ಜ್ ಇರುವ ಗೈಡ್ ತಂಡದಲ್ಲಿ ಒಬ್ಬರಾದರೂ ಇದ್ದರೆ ಒಳ್ಳೆಯದು. ಅವರ ವಿಮೆ, ಕೂಲಿ ಬಗ್ಗೆ ಕೇಳಲು ಸಂಕೋಚ ಬೇಡ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಐಸ್‌ಫಾಲ್‌ನಲ್ಲಿ, ಅಂದರೆ ಹಿಮನದಿ ಒಡೆದು ಕಡಿದಾಗಿ ಇಳಿಯುವ ಜಾಗದಲ್ಲಿ, ಹಿಮ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು. ಬೇರೆಯವರ ಟೆಂಟು, ಹಗ್ಗ, ಊಟದ ಸಾಮಾನು ಹೊರುತ್ತಿದ್ದವರು ಅವರು. ನಮಗಾಗಿ ಆ ದಾರಿಯಲ್ಲಿ ಹತ್ತು ಸಲ ಓಡಾಡುವವರ ಮನೆಗೆ ಏನು ಸಿಗುತ್ತದೆ ಅನ್ನೋದು ನಮಗೆ ಗೊತ್ತಿರಬೇಕು. ಶಿಖರ ಮುಟ್ಟಿದರೆ ಕೊಡುವ ಬೋನಸ್ ಇರುತ್ತದೆ. ಅದನ್ನು ಮುಟ್ಟದಿದ್ದರೂ ಕೊಡುತ್ತೇನೆ ಅಂತ ಮೊದಲ ದಿನವೇ ಹೇಳಿಬಿಡಿ. ಆಗ "ವಾಪಸ್ ಹೋಗೋಣ" ಎನ್ನಲು ಅವರಿಗೆ ನಷ್ಟದ ಭಯ ಇರಲ್ಲ. ನೀವು ಖರ್ಚು ಮಾಡುವ ಹಣದಲ್ಲಿ ನಿಮ್ಮ ಜೀವಕ್ಕೆ ಇದಕ್ಕಿಂತ ಹೆಚ್ಚು ಉಪಯೋಗವಾಗುವ ಹಣ ಇನ್ನೊಂದಿಲ್ಲ.

ಹಿಂದಿನ ಗ್ರಾಹಕರ ನಂಬರ್ ಕೇಳಿದರೆ ಎಲ್ಲರೂ ಕೊಡುತ್ತಾರೆ, ತುದಿಗೆ ಹೋಗಿ ಬಂದವರದ್ದು. ಅರ್ಧದಿಂದ ವಾಪಸ್ ಬಂದ ಒಬ್ಬರ ನಂಬರ್ ಕೇಳಿ. ಅವರನ್ನು ಹೇಗೆ ಇಳಿಸಿದರು, ಯಾರು ಜೊತೆಗೆ ಬಂದರು, ಕೆಳಗೆ ಬಂದ ಮೇಲೆ ಹೇಗೆ ನೋಡಿಕೊಂಡರು ಅಂತ ಹತ್ತು ನಿಮಿಷ ಮಾತಾಡಿದರೆ ಆ ಏಜೆನ್ಸಿ ಹೇಗೆ ಅಂತ ಗೊತ್ತಾಗುತ್ತದೆ.

ಮನಾಸ್ಲು ಬಗ್ಗೆ ಇನ್ನೊಂದು ವಿಷಯ. ತುದಿಯ ಏಣು ಉದ್ದಕ್ಕಿದೆ. ಎಷ್ಟೋ ವರ್ಷ ಹೆಚ್ಚಿನವರು ನಿಜವಾದ ತುದಿಗಿಂತ ಸ್ವಲ್ಪ ಮುಂಚೆಯೇ ನಿಂತು ಫೋಟೋ ತೆಗೆಸಿಕೊಂಡು ಬರುತ್ತಿದ್ದರು. 2021ರ ಸೆಪ್ಟೆಂಬರಿನಲ್ಲಿ ತೆಗೆದ ಡ್ರೋನ್ ಚಿತ್ರದಲ್ಲಿ ಇದು ಎಲ್ಲರಿಗೂ ಕಂಡಿತು. ಕಾಠ್ಮಂಡುವಿನಲ್ಲಿದ್ದು ದಶಕಗಳ ಕಾಲ ಆರೋಹಣಗಳ ದಾಖಲೆ ಇಟ್ಟ ಎಲಿಜಬೆತ್ ಹಾಲಿಯವರ ಕಡತಗಳಿಂದ ಹುಟ್ಟಿದ ಹಿಮಾಲಯನ್ ಡೇಟಾಬೇಸಿನವರು, 2022ರಿಂದ ನಿಜವಾದ ತುದಿ ಮುಟ್ಟಿದರೆ ಮಾತ್ರ ಶಿಖರಾರೋಹಣ ಅಂತ ಬರೆಯುತ್ತಾರೆ. ಆ ಕೊನೆಯ ಭಾಗ ಕಡಿದಾಗಿದೆ, ಅಲ್ಲಿ ಸಾಲು ನಿಲ್ಲುತ್ತದೆ. ಹಗ್ಗ ಎಲ್ಲಿಯವರೆಗೆ ಬಿಗಿಯುತ್ತಾರೆ ಅಂತ ಏಜೆನ್ಸಿಯನ್ನು ಕೇಳಿ, ಆ ಹೊತ್ತನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ದುಡ್ಡಿನ ವಿಷಯದಲ್ಲಿ, ಕೊಟ್ಟ ಮೊತ್ತದಲ್ಲಿ ಏನಿದೆ, ಏನಿಲ್ಲ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ. ಸರ್ಕಾರದ ಪರ್ಮಿಟ್ ಫೀಸು ಬದಲಾಗುತ್ತಿರುತ್ತದೆ. ಎವರೆಸ್ಟಿನದ್ದೇ ನೋಡಿ, 11,000 ಡಾಲರ್ ಇದ್ದದ್ದು 2025ರ ಸೆಪ್ಟೆಂಬರಿನಿಂದ ವಸಂತ ಕಾಲಕ್ಕೆ 15,000 ಆಗಿದೆ. ಏರಿದರೆ ಯಾರು ಕಟ್ಟುವವರು ಅಂತ ಒಪ್ಪಂದದಲ್ಲಿ ಇರಲಿ. ಭಾರತದ ಶಿಖರಗಳಿಗೆ ಅನುಮತಿ ದೆಹಲಿಯ ಇಂಡಿಯನ್ ಮೌಂಟೇನಿಯರಿಂಗ್ ಫೌಂಡೇಶನ್ ಮೂಲಕ ಬರುತ್ತದೆ. ಅದರ ಪ್ರತಿ ನಿಮ್ಮ ಕೈಗೆ ಬಂದ ಮೇಲೆ ಕೊನೆಯ ಕಂತು ಕಟ್ಟಿ.

ವಿಮೆಯಲ್ಲಿ ಸಣ್ಣ ಅಕ್ಷರ ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹೆಚ್ಚಿನವು ಹಗ್ಗ, ಗೈಡ್ ಬೇಕಾಗುವ ಆರೋಹಣವನ್ನು ಹೊರಗಿಡುತ್ತವೆ, ಇಲ್ಲವೇ ಒಂದು ಎತ್ತರದ ಮಿತಿ ಹಾಕುತ್ತವೆ. 8163 ಮೀಟರಿನವರೆಗೆ, ಹೆಲಿಕಾಪ್ಟರ್ ಖರ್ಚು ಸೇರಿ ಅಂತ ಬರೆದು ಕೊಡುವ ಪಾಲಿಸಿ ಬೇಕು. ಹೆಲಿಕಾಪ್ಟರ್ ಕರೆಸುವ ಮೊದಲು ಅವರಿಗೆ ಫೋನ್ ಮಾಡಬೇಕಾ ಅನ್ನೋದೂ ಗೊತ್ತಿರಲಿ. ನೇಪಾಳದಲ್ಲಿ ಬೇಡದಿದ್ದರೂ ಹೆಲಿಕಾಪ್ಟರ್ ಹತ್ತಿಸಿ ವಿಮೆ ಹಣ ಹೊಡೆಯುವ ದಂಧೆ ನಡೆದು, 2018ರಲ್ಲಿ ಸರ್ಕಾರವೇ ತನಿಖೆ ಮಾಡಿಸಬೇಕಾಯಿತು. ಭಾರತದ ಶಿಖರಕ್ಕೆ ಹೋಗುವಾಗ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಒಯ್ಯಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ. ಸ್ಯಾಟಲೈಟಿನಿಂದ ಮೆಸೇಜ್ ಕಳಿಸುವ ಪುಟ್ಟ ಸಾಧನಕ್ಕೂ ಅದೇ ಮಾತು.

ತಿರುಗಿ ಹೊರಡುವ ಸಮಯವನ್ನು ಬೇಸ್ ಕ್ಯಾಂಪಿನಲ್ಲೇ, ತಲೆ ತಿಳಿಯಾಗಿರುವಾಗ ಗೈಡ್ ಜೊತೆ ಕೂತು ಗೊತ್ತು ಮಾಡಿ. 1996ರ ಮೇ 10ರಂದು ಎವರೆಸ್ಟಿನಲ್ಲಿ ಹಲವರು ಮಧ್ಯಾಹ್ನ 2 ಗಂಟೆ ಮೀರಿದ ಮೇಲೂ ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಂತು, ಆ ಒಂದು ಬಿರುಗಾಳಿಯಲ್ಲಿ 8 ಜನ ಹೋದರು. ಅವರಲ್ಲಿ ಅನುಭವಿ ಗೈಡುಗಳೂ ಇದ್ದರು. ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರ ಹತ್ತಿರವೂ ಇಟ್ಟುಕೊಳ್ಳಿ. ಗೈಡ್ ತಿರುಗು ಎಂದರೆ ತಿರುಗುವುದು, ಅಲ್ಲಿ ಚರ್ಚೆ ಇಲ್ಲ. ನಿಮಗೇ ಬೇಡ ಅನ್ನಿಸಿದರೆ ಗೈಡ್ ಹುರಿದುಂಬಿಸಿದರೂ ತಿರುಗುವುದು.

ಮನೆಯವರಿಗೆ ಇದನ್ನೇ ಹೇಳಿ. "ಏನೂ ಆಗಲ್ಲ" ಅನ್ನಬೇಡಿ, ಅವರು ನಂಬಲ್ಲ, ಅದು ನಿಜವೂ ಅಲ್ಲ. ಆ ಚೀಟಿ ತೋರಿಸಿ. ಮೂರು ಸಿಲಿಂಡರಿನ ಲೆಕ್ಕ ತೋರಿಸಿ. ಮೆಟ್ಟಿಲ ಕಂಬಿಯ ಹಗ್ಗದಲ್ಲಿ ನೀವು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂರು ವರ್ಷದ ದಾರಿ ಇದು, ಪ್ರತಿ ಮೆಟ್ಟಿಲಲ್ಲೂ ನಿಲ್ಲಿಸುವ ಅವಕಾಶ ಇದೆ ಅಂತ ಗೊತ್ತಾದರೆ ಅವರ ಭಯ ಪೂರ್ತಿ ಹೋಗದಿದ್ದರೂ ಅದಕ್ಕೊಂದು ಆಕಾರ ಬರುತ್ತದೆ. ಹೊರಡುವಾಗ ಪಾಲಿಸಿ ನಂಬರ್, ಏಜೆನ್ಸಿಯ ಫೋನ್, ಪರ್ಮಿಟ್ ಪ್ರತಿ ಎಲ್ಲ ಒಂದೇ ಹಾಳೆಯಲ್ಲಿ ಅವರಿಗೆ ಕೊಡಿ. ಮೇಲಿನ ಕ್ಯಾಂಪುಗಳಿಗೆ ಹೋದಾಗ ನಾಲ್ಕೈದು ದಿನ ಸುದ್ದಿ ಇರಲ್ಲ, ಅದು ಮಾಮೂಲಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಆ ನಾಲ್ಕು ದಿನ ಅವರು ನಿದ್ದೆ ಮಾಡಲ್ಲ.

ಕೊನೆಗೆ ಸಾಮಾನು. ಡೌನ್ ಸೂಟ್, ದೊಡ್ಡ ಸ್ಲೀಪಿಂಗ್ ಬ್ಯಾಗ್ ಕಾಠ್ಮಂಡುವಿನಲ್ಲಿ ಬಾಡಿಗೆಗೆ ಸಿಗುತ್ತವೆ, ತಗೊಳ್ಳಬಹುದು. ಜಿಪ್ ಎಲ್ಲ ಮಿಟನ್ ಹಾಕಿಕೊಂಡೇ ಎಳೆದು ನೋಡಿ. ಜೂಮರ್, ಹಾರ್ನೆಸ್, ಗ್ಲೌಸು ಸ್ವಂತದ್ದೇ ಇರಲಿ, ಕೈಗೆ ಪರಿಚಯ ಇರಬೇಕು. ಬೂಟು ಮಾತ್ರ ಬಾಡಿಗೆಗೆ ಬೇಡ, ಕೊಳ್ಳಿ. 6000 ಮೀಟರಿಗೆ ಡಬಲ್ ಬೂಟು, 8000ಕ್ಕೆ ಮಂಡಿಯ ಹತ್ತಿರ ಬರುವ, ಗೇಟರ್ (ಹಿಮ ಒಳಗೆ ಹೋಗದಂತೆ ಕಾಲಿಗೆ ಸುತ್ತುವ ಹೊದಿಕೆ) ಕೂಡಿಕೊಂಡಿರುವ ದಪ್ಪನೆಯದು. ಸಂಜೆ ಹೊತ್ತಿಗೆ, ಕಾಲು ಸ್ವಲ್ಪ ಊದಿಕೊಂಡಿರುವಾಗ, ಬೆಟ್ಟದಲ್ಲಿ ಹಾಕುವ ಅದೇ ದಪ್ಪ ಕಾಲುಚೀಲ ಹಾಕಿಕೊಂಡು ಅಂಗಡಿಗೆ ಹೋಗಿ. ಲೇಸ್ ಬಿಗಿದು ಇಳಿಜಾರಿನ ಹಲಗೆಯ ಮೇಲೆ ಮುಖ ಕೆಳಗೆ ಮಾಡಿ ಹತ್ತು ನಿಮಿಷ ನಿಲ್ಲಿ, ನಾಲ್ಕು ಸಲ ಜೋರಾಗಿ ಹೆಜ್ಜೆ ಕುಟ್ಟಿ. ಹೆಬ್ಬೆರಳು ಮುಂದೆ ತಾಗಿತೋ, ಇನ್ನೊಂದು ಸೈಜು ದೊಡ್ಡದು ಕೇಳಿ.